ವಿಯೆಟ್ನಾಮಿಗೆ ಹಿರಿಯರನ್ನು ಕರೆದುಕೊಂಡು ಹೋಗುವವರೇ, ಹೆಸರಿಲ್ಲದ ಮಾತ್ರೆ ತಗೋಬೇಡಿ

ಶಿರಸಿ, ಕುಮಟಾ ಕಡೆಯಿಂದಲೂ ಈಗ ಜನ ವಿಯೆಟ್ನಾಂ ಟೂರ್ ಹೋಗುತ್ತಿದ್ದಾರೆ. ಜೊತೆಗೆ ವಯಸ್ಸಾದವರು ಇದ್ದರೆ ಇದನ್ನೊಮ್ಮೆ ಓದಿ. ಅಲ್ಲಿ ಸಣ್ಣ ಕ್ಲಿನಿಕ್ಕುಗಳಲ್ಲಿ, ಔಷಧ ಅಂಗಡಿಗಳಲ್ಲಿ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಒಂದು ಹೊತ್ತಿಗೆ ಒಂದು ಅಂತ ಪುಟ್ಟ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ಕೊಡುವ ರೂಢಿ ಇದೆ. ಮೇಲೆ ಹೆಸರು ಇರುವುದಿಲ್ಲ. ಅಂಥ ಕೊಟ್ಟೆಯಿಂದಲೇ ನನ್ನ ಆಯಿ (ಅಮ್ಮ) ಆಸ್ಪತ್ರೆ ಸೇರಬೇಕಾಯಿತು.

ಹೋಯ್ ಆನ್‌ನಲ್ಲಿದ್ದೆವು. ಬಸ್ಸಿನಲ್ಲಿ ಬಾತ್‌ರೂಮಿನ ತಾಪತ್ರಯ ಬೇಡ ಅಂತ ಆಯಿ ಸರಿಯಾಗಿ ನೀರೇ ಕುಡಿದಿರಲಿಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಹೊರಟರೂ ಅವಳದು ಇದೇ ಕತೆ ಬಿಡಿ. ಉರಿಮೂತ್ರ ಶುರುವಾಯಿತು, ಸಂಜೆಗೆ ಚಳಿಜ್ವರ. ಹೋಟೆಲಿನವರು ಹತ್ತಿರದ ಕ್ಲಿನಿಕ್ ತೋರಿಸಿದರು.

ಮನೆಯ ಮುಂದಿನ ಕೋಣೆಯೇ ಕ್ಲಿನಿಕ್. ಚೊಕ್ಕವಾಗಿತ್ತು. ಆದರೆ ಹಲೋ, ಫೀವರ್, ಓಕೆ ಬಿಟ್ಟರೆ ಅವರಿಗೆ ಇಂಗ್ಲಿಷ್ ಇಲ್ಲ, ನಮಗೆ ಅವರ ಭಾಷೆ ಇಲ್ಲ. ಆಯಿಗೆ ಸಲ್ಫಾ ಮಾತ್ರೆ (ಸೋಂಕಿಗೆ ಕೊಡುವ ಒಂದು ಬಗೆಯ ಔಷಧ) ಆಗುವುದಿಲ್ಲ, ಹಿಂದೊಮ್ಮೆ ಮೈತುಂಬ ದದ್ದು ಎದ್ದಿತ್ತು. ಅದನ್ನು ಮೊಬೈಲಿನ ಅನುವಾದದ ಆ್ಯಪ್‌ನಲ್ಲಿ ಬರೆದು ಕೌಂಟರಿನ ಹುಡುಗಿಗೆ ತೋರಿಸಿದೆ. ಓದಿದಳು, ತಲೆಯಾಡಿಸಿದಳು, ಫೋನ್ ವಾಪಸ್ ಕೊಟ್ಟಳು. ಎಲ್ಲೂ ಬರೆದುಕೊಳ್ಳಲಿಲ್ಲ. ಒಳಗೆ ಡಾಕ್ಟರಮ್ಮ ಆಯಿಯ ಮುಖ ನೋಡಿ ಏನೋ ಕೇಳಿದರು. "ಎಂತ ಹೇಳ್ತು ಅದು?" ಅಂತ ಆಯಿ ನನ್ನ ಕಡೆ ತಿರುಗುವಷ್ಟರಲ್ಲಿ, ಅಭ್ಯಾಸಬಲದಿಂದ ತಲೆಯನ್ನು ಅತ್ತಿತ್ತ ಅಲುಗಿಸಿಯೂ ಆಗಿತ್ತು. ನಮ್ಮ ಕಡೆ ಅದು ಹೂಂ. ಹೊರಗಿನವರ ಕಣ್ಣಿಗೆ ಅದು ಇಲ್ಲ. ನಾನು ಮತ್ತೆ ಫೋನ್ ಮುಂದೆ ಹಿಡಿದೆ. ಓಕೆ, ಓಕೆ ಅಂದರು.

ಬೆರಳು ಚುಚ್ಚಿ ಸಕ್ಕರೆ ನೋಡಿ 9.4 ಅಂತ ಬರೆದರು. ಗಾಬರಿಯಾಗಬೇಡಿ, ಅಲ್ಲಿನ ಅಳತೆ ಬೇರೆ. 18ರಿಂದ ಗುಣಿಸಿದರೆ ನಮ್ಮ ಲೆಕ್ಕದಲ್ಲಿ ಸುಮಾರು 170.

ಆಮೇಲೆ ಬಂತು ಕೊಟ್ಟೆ. ಒಂದು ಗುಲಾಬಿ, ಒಂದು ಹಳದಿ ಕ್ಯಾಪ್ಸೂಲ್, ಒಂದು ಸಣ್ಣ ಬಿಳಿ, ಇನ್ನೊಂದು ದೊಡ್ಡ ಬಿಳಿ, ನಡುವೆ ಗೀಟು. ಯಾವುದು ಏನಕ್ಕೆ ಅಂತ ಕೈಸನ್ನೆಯಲ್ಲಿ ಕೇಳಿದರೆ, ಬೆಳಗ್ಗೆ ಒಂದು ಕೊಟ್ಟೆ, ರಾತ್ರಿ ಒಂದು ಕೊಟ್ಟೆ ಅಂತ ಬೆರಳು ಮಡಚಿ ತೋರಿಸಿದರು. ಸ್ಟ್ರಿಪ್ ಕೇಳಿದೆ, ಅರ್ಥವಾಗಲಿಲ್ಲವೋ ಏನೋ, ನಕ್ಕರು.

ಮರುದಿನ ರಾತ್ರಿ ಆಯಿಯ ಕುತ್ತಿಗೆಯಿಂದ ಹೊಟ್ಟೆವರೆಗೆ ಕೆಂಪು ದದ್ದು. ತುಟಿ ಬಾತಿತ್ತು. ಶಿರಸಿಯ ನಮ್ಮ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿದೆ. ಊರಿನ ಗಡಿಯಾರ ಅಲ್ಲಿಗಿಂತ ಒಂದೂವರೆ ಗಂಟೆ ಹಿಂದೆ, ಪುಣ್ಯಕ್ಕೆ ಇನ್ನೂ ಪೇಶೆಂಟ್ ನೋಡುತ್ತಿದ್ದರು. ಮಾತ್ರೆ ನಿಲ್ಲಿಸಿ, ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಸಲ್ಫಾ ಅಲರ್ಜಿಯಲ್ಲಿ ಉಸಿರು ಕಟ್ಟಿದರೆ, ಬಾಯಲ್ಲಿ ಹುಣ್ಣಾಗಿ ಚರ್ಮ ಸುಲಿಯತೊಡಗಿದರೆ ಜೀವಕ್ಕೇ ಅಪಾಯವಂತೆ. ಟ್ಯಾಕ್ಸಿ ಹಿಡಿದು ಸುಮಾರು 30 ಕಿ.ಮೀ. ದೂರದ ದಾ ನಾಂಗ್‌ಗೆ ಓಡಿದೆವು. ನಮ್ಮ 108ರ ಹಾಗೆ ಅಲ್ಲಿ ಆಂಬುಲೆನ್ಸಿಗೆ 115, ಬರೆದಿಟ್ಟುಕೊಳ್ಳಿ.

ದಾ ನಾಂಗ್‌ನ ಡಾಕ್ಟರ್ ಉಳಿದ ಕೊಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೂ ಗೊತ್ತಾಗಲಿಲ್ಲ! ಕೊನೆಗೆ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿ ಚೀಟಿಯಲ್ಲಿ ಬರೆದರು: ಸಲ್ಫಮೆಥಾಕ್ಸಜೋಲ್. ಅದೇ ಸಲ್ಫಾ. ಉರಿಮೂತ್ರಕ್ಕೆ ಕೊಡುವ ಔಷಧವೇ, ಆಯಿಗೆ ಆಗದು ಅಷ್ಟೇ. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ವಿಯೆಟ್ನಾಮಿನವರು ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಸ್ಟ್ರಿಪ್ ಕೈಗೆ ಕೊಟ್ಟಿದ್ದರೆ ಭಾಷೆ ಬರದಿದ್ದರೂ ನಾನೇ ಓದಿ ತಡೆಯುತ್ತಿದ್ದೆ. ಇಂಜೆಕ್ಷನ್, ಡ್ರಿಪ್ ಎಲ್ಲ ಆಗಿ ಆಯಿ ಸುಧಾರಿಸಿಕೊಂಡಳು.

ನಮ್ಮ ಜಿಲ್ಲೆಯವರಿಗೆ ಆಸ್ಪತ್ರೆಗೆ ಅಂತ ಊರು ಬಿಡುವುದು ಹೊಸತಲ್ಲ. ಮಣಿಪಾಲ, ಹುಬ್ಬಳ್ಳಿ, ಕಾರವಾರದವರಾದರೆ ಗೋವಾ. ಅಲ್ಲೆಲ್ಲ ಕನ್ನಡವೋ ಕೊಂಕಣಿಯೋ ನಡೆಯುತ್ತದೆ. ಅದೇ ಧೈರ್ಯದಲ್ಲಿ ವಿದೇಶಕ್ಕೆ ಹೊರಡಬೇಡಿ. ಹೋಗುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನಲ್ಲಿ ಒಂದು ಹಾಳೆ ಬರೆಸಿಕೊಳ್ಳಿ. ಆಗದ ಔಷಧ ಮೇಲೆಯೇ, ಕೆಂಪಕ್ಷರದಲ್ಲಿ. ದಿನದ ಮಾತ್ರೆಗಳಿಗೆ ಇಲ್ಲಿನ ಕಂಪನಿ ಹೆಸರು ಹಾಕಿಸಿದರೆ ಅಲ್ಲಿ ಪ್ರಯೋಜನವಿಲ್ಲ. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಅಂತ ಮೂಲ ಹೆಸರೇ ಇರಲಿ. ಆ ಹಾಳೆಯನ್ನು ಕೌಂಟರಿನಲ್ಲಲ್ಲ, ಡಾಕ್ಟರ ಕೈಗೇ ಕೊಡಿ, ಅವರು ಬರೆದುಕೊಳ್ಳುವವರೆಗೆ ಏಳಬೇಡಿ. ಡಾಕ್ಟರ್ ಏನು ಕೇಳಿದರೂ ಸುಮ್ನೆ ತಲೆ ಅಲುಗಿಸಬಾರದು ಅಂತ ಹಿರಿಯರಿಗೆ ಮೊದಲೇ ಹೇಳಿಡಿ. ಸ್ಟ್ರಿಪ್ ಕೊಡದಿದ್ದರೆ ಅದರ ಫೋಟೋನಾದರೂ ತೆಗೆದುಕೊಳ್ಳಿ. ಅದಕ್ಕೂ ಒಪ್ಪದಿದ್ದರೆ ದುಡ್ಡು ಹೋದರೆ ಹೋಗಲಿ, ಎದ್ದು ಬನ್ನಿ.

ದಾ ನಾಂಗ್ ಬಿಲ್ಲಿಗೆ ಇನ್ಶೂರೆನ್ಸ್ ಹಣ ಬಂತು, ಕ್ಲಿನಿಕ್ಕಿನದಕ್ಕೆ ಬರಲಿಲ್ಲ. ಅವರ ಚೀಟಿಯಲ್ಲಿ ಒಟ್ಟು ಮೊತ್ತ ಬಿಟ್ಟು ಏನೂ ಇರಲಿಲ್ಲ. ಪಾಲಿಸಿಯಲ್ಲಿ ಸಹಾಯವಾಣಿ ನಂಬರ್ ಇರುತ್ತದಲ್ಲ, ಅಡ್ಮಿಟ್ ಮಾಡುವಾಗಲೇ ಅದಕ್ಕೆ ಫೋನ್ ಮಾಡಿ ತಿಳಿಸಿ. ಇಂಗ್ಲಿಷ್ ಬರುವ ಆಸ್ಪತ್ರೆ ಹತ್ತಿರ ಯಾವುದಿದೆ ಅಂತಲೂ ಅವರನ್ನೇ ಕೇಳಬಹುದು.