6.5ರಿಂದ 5.5ಕ್ಕೆ: ಮೂರು ಸ್ಕೀ ಬೈಂಡಿಂಗ್‌ಗಳ ಹೋಲಿಕೆ

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಹತ್ತಿರದ ಬಿಗ್ ಕಾಟನ್‌ವುಡ್ ಕಣಿವೆಯಲ್ಲಿ, ಸಾಲಿಟ್ಯೂಡ್ ಮತ್ತು ಬ್ರೈಟನ್‌ನ ಸ್ಕೀ ತಾಣಗಳ ಇಳಿಜಾರುಗಳ ಮೇಲೆ, ಎರಡು ಚಳಿಗಾಲ ನಾನು ಬೂಟನ್ನು ಸ್ಕೀ ಹಲಗೆಗೆ ಸೇರಿಸುವ ಮೂರು ಬೈಂಡಿಂಗ್‌ಗಳನ್ನು ಬಳಸಿ ನೋಡಿದ್ದೇನೆ: ಲುಕ್ ಪಿವೊಟ್ 15, ಮಾರ್ಕರ್ ಗ್ರಿಫನ್ 13 ಮತ್ತು ಸಾಲೊಮನ್ ಶಿಫ್ಟ್ 10. ಮೊದಲ ಚಳಿಗಾಲದಲ್ಲಿ ನನಗೆ 49 ವರ್ಷ, ಎರಡನೆಯದರಲ್ಲಿ 50. ಈ ಒಂದು ವರ್ಷದ ವ್ಯತ್ಯಾಸವೇ ನನ್ನ ಆಯ್ಕೆಯನ್ನು ತಲೆಕೆಳಗು ಮಾಡಿತು.

ಬೈಂಡಿಂಗ್ ಮಾಡಬೇಕಾದ ಕೆಲಸ ಎರಡು. ಬೂಟನ್ನು ಸ್ಕೀಗೆ ಬಿಗಿಯಾಗಿ ಹಿಡಿದಿರಬೇಕು. ಕಾಲಿನ ಎಲುಬು ಮುರಿಯುವಷ್ಟು ಬಲ ಬೀಳುವ ಮುನ್ನ ಅದನ್ನು ಬಿಟ್ಟುಬಿಡಬೇಕು. ಎಷ್ಟು ಬಲಕ್ಕೆ ಬಿಡಬೇಕೆಂಬುದನ್ನು ಡಿನ್ ಸಂಖ್ಯೆ ಎಂಬ ಅಳತೆಯಲ್ಲಿ ಗುರುತಿಸುತ್ತಾರೆ. ಅಂಗಡಿಯವರು ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಮಾನದಂಡದ ಕೋಷ್ಟಕವನ್ನು ಮುಂದಿಟ್ಟುಕೊಂಡು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಸ್ಕೀ ಮಾಡುವ ರೀತಿಯನ್ನು ಕೇಳಿ ಆ ಸಂಖ್ಯೆಯನ್ನು ಕೊಡುತ್ತಾರೆ. ನನ್ನ ತೂಕ 68 ಕಿಲೊ, ಎತ್ತರ 170 ಸೆಂಟಿಮೀಟರ್, ಬೂಟಿನ ಅಡಿ 305 ಮಿಲಿಮೀಟರ್, ಮತ್ತು ನಾನು ಎರಡನೆಯ ಬಗೆಯವನು, ಅಂದರೆ ತೀರ ಎಚ್ಚರದವನೂ ಅಲ್ಲ, ತೀರ ದುಡುಕಿನವನೂ ಅಲ್ಲ. ಈ ವಿವರಗಳಿಗೆ ಸಿಕ್ಕ ಸಂಖ್ಯೆ 6.5. ಐವತ್ತು ತುಂಬಿದವರಿಗೆ ಕೋಷ್ಟಕದಲ್ಲಿ ಒಂದು ಸಾಲು ಕಡಿಮೆ ಮಾಡಬೇಕೆಂಬ ನಿಯಮವಿರುವುದರಿಂದ ಮರುವರ್ಷ ಅದೇ ಮೈಗೆ, ಅದೇ ಬೂಟಿಗೆ ಸಂಖ್ಯೆ 5.5 ಆಯಿತು. ಟಾರ್ಕ್, ಅಂದರೆ ತಿರುಚುವ ಬಲದ ಲೆಕ್ಕದಲ್ಲಿ ಹೇಳುವುದಾದರೆ, ಕಾಲು ತಿರುಚಿದಾಗ 50 ನ್ಯೂಟನ್ ಮೀಟರ್‌ಗೆ ಬಿಡಬೇಕಿದ್ದ ಬೈಂಡಿಂಗ್ ಇನ್ನು 43ಕ್ಕೆ ಬಿಡಬೇಕು. ಮುಂದಕ್ಕೆ ಬಾಗಿ ಬಿದ್ದಾಗ 194ರ ಬದಲು 165ಕ್ಕೆ. ಅರ್ಜಿಯಲ್ಲಿ 49 ಎಂದೇ ಬರೆಯುವ ಆಸೆ ನನಗೂ ಬಂದಿತ್ತು, ಮದುವೆಯ ಜಾತಕದಲ್ಲಿ ವಯಸ್ಸು ಇಳಿಸಿದಂತೆ. ಆದರೆ ಇಲ್ಲಿ ಮೋಸಹೋಗುವುದು ಬೇರೆ ಯಾರೂ ಅಲ್ಲ, ನನ್ನದೇ ಎಲುಬು.

ಇಳಿಜಾರಿನ ಮೇಲೆ ನನಗೆ ಅತ್ಯಂತ ಹಿತವೆನಿಸಿದ್ದು ಪಿವೊಟ್ 15. ಬೇರೆ ಬೈಂಡಿಂಗ್‌ಗಳ ಹಿಮ್ಮಡಿ ಭಾಗ ಹಳಿಯೊಂದರ ಮೇಲೆ ನಿಂತಿರುತ್ತದೆ; ಇದರ ಹಿಮ್ಮಡಿ ಮಾತ್ರ ತಿರುಗುವ ತಟ್ಟೆಯ ಮೇಲೆ, ಕಣಕಾಲಿನ ಎಲುಬಿನ ನೇರಕ್ಕೆ ಕುಳಿತಿದ್ದು, ಕಾಲು ತಿರುಚಿದಾಗ ಬೂಟಿನೊಂದಿಗೆ ತಾನೂ ತಿರುಗುತ್ತದೆ. ಬೂಟು ಪೂರ್ತಿ ಬಿಟ್ಟುಹೋಗುವ ಮೊದಲು ಮುಂಭಾಗದಲ್ಲಿ ಪಕ್ಕಕ್ಕೆ 45 ಮಿಲಿಮೀಟರ್, ಹಿಮ್ಮಡಿಯಲ್ಲಿ ಮೇಲಕ್ಕೆ 28 ಮಿಲಿಮೀಟರ್ ಸರಿದು ಮತ್ತೆ ಸ್ವಸ್ಥಾನಕ್ಕೆ ಬರಬಲ್ಲದು ಎಂಬುದು ತಯಾರಕರ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಉಬ್ಬುತಗ್ಗಾಗಿ ಗಟ್ಟಿಯಾದ ಹಿಮದ ಮೇಲೆ ಈ ಗುಣದ ಬೆಲೆ ತಿಳಿಯುತ್ತದೆ: ಪೆಟ್ಟು ಬಿದ್ದಾಗ ಬೂಟು ಒಂದಿಷ್ಟು ಸರಿದು, ಸ್ಪ್ರಿಂಗ್ ಅದನ್ನು ಮೆಲ್ಲಗೆ ಹಿಂದಕ್ಕೆ ತಂದದ್ದು ಪಾದಕ್ಕೇ ಗೊತ್ತಾಗುತ್ತಿತ್ತು. ಹೀಗೆ ಸರಿಯಲು ಜಾಗವಿರುವ ಬೈಂಡಿಂಗ್‌ನಲ್ಲಿ ಕೋಷ್ಟಕ ಹೇಳಿದ ಸಂಖ್ಯೆಯನ್ನೇ ಧೈರ್ಯವಾಗಿ ಇಟ್ಟುಕೊಳ್ಳಬಹುದು, ಅನಗತ್ಯವಾಗಿ ಬಿಚ್ಚಿಕೊಂಡೀತೆಂದು ಹೆದರಿ ಬಿಗಿಮಾಡುವ ಪ್ರಮೇಯ ಬರುವುದಿಲ್ಲ. ಹೊಸ ಹಿಮದಲ್ಲಿ ಬಿದ್ದೆದ್ದು ಮತ್ತೆ ಬೂಟನ್ನು ಸೇರಿಸುವಾಗ ತಿರುಗುವ ಹಿಮ್ಮಡಿಯನ್ನು ಕೈಯಿಂದ ನೇರ ಮಾಡಿಕೊಳ್ಳಬೇಕು, ಅಷ್ಟೆ.

ಗ್ರಿಫನ್ 13ರ ಹಿಡಿತದ ಸ್ವಭಾವ ಬೇರೆ. ಬೂಟಿಗೂ ಸ್ಕೀಗೂ ನಡುವೆ ಏನೂ ಇಲ್ಲವೆನ್ನುವಷ್ಟು ನೇರ, ತುಸು ಗಡಸು. ಬೆಳಗಿನ ಹೊತ್ತು ಯಂತ್ರದಿಂದ ಸಮಮಾಡಿದ ಹಿಮದ ಮೇಲೆ ಅಂಚು ಹಾಕಿ ತಿರುಗುವಾಗ ಇದೇ ನನಗೆ ಹೆಚ್ಚು ಇಷ್ಟವಾಯಿತು. ಹೆಜ್ಜೆ ಇಟ್ಟರೆ ಸಾಕು, ಕೂರುತ್ತದೆ. ಬೂಟಿನ ಮುಂಭಾಗ ಜಾರುವ ತಟ್ಟೆಯ ಎತ್ತರವನ್ನು ತಿರುಪಿನಿಂದ ಹೊಂದಿಸಬಹುದಾದ್ದರಿಂದ ಹಳೆಯ ಚಪ್ಪಟೆ ಅಡಿ, ನಡೆಯಲು ಅನುಕೂಲವಾದ ಗ್ರಿಪ್‌ವಾಕ್ ಅಡಿ, ಬೆಟ್ಟ ಹತ್ತುವ ಬೂಟಿನ ಅಡಿ ಎಲ್ಲವೂ ಇದಕ್ಕೆ ಒಗ್ಗುತ್ತವೆ. ಆದರೆ ಬೂಟು ಬದಲಾದಾಗಲೆಲ್ಲ ಆ ಎತ್ತರವನ್ನು ಮತ್ತೆ ಹೊಂದಿಸಲೇಬೇಕು.

ಶಿಫ್ಟ್ 10 ಹತ್ತುವವರಿಗಾಗಿ ಮಾಡಿದ್ದು. ಏರುವಾಗ ಬೂಟಿನ ಮೂತಿಯನ್ನು ಎರಡು ಮೊಳೆಗಳು ಹಿಡಿದುಕೊಂಡು ಹಿಮ್ಮಡಿ ಬಿಡುವಾಗಿರುತ್ತದೆ. ಇಳಿಯುವಾಗ ಮುಂಭಾಗವನ್ನು ಬದಲಿಸಿದರೆ ಸಾಧಾರಣ ಬೈಂಡಿಂಗ್‌ನಂತೆಯೇ ಬೂಟನ್ನು ಹಿಡಿಯುತ್ತದೆ, ಬಿಡುತ್ತದೆ. ಬೆಟ್ಟದ ಮೇಲಕ್ಕೆ ಒಯ್ಯುವ ಕುರ್ಚಿ ಲಿಫ್ಟ್‌ನಲ್ಲೇ ದಿನ ಕಳೆಯುವವರಿಗೆ ಇದರ ಅಗತ್ಯವಿಲ್ಲ. ಹತ್ತುವ ದಿನಗಳಿಗೆ ನಾನು ಬೇರೇನನ್ನೂ ಯೋಚಿಸಲಿಲ್ಲ.

ಹಿಡಿತವೊಂದನ್ನೇ ನೋಡಿದರೆ ಮಾತು ಇಲ್ಲಿಗೆ ಮುಗಿಯಬೇಕಿತ್ತು, ಪಿವೊಟ್ 15 ಗೆಲ್ಲಬೇಕಿತ್ತು. ಆದರೆ ಹೆಸರಿನಲ್ಲಿರುವ 15 ಎಂಬುದು ಅದರ ಮೇಲಿನ ಮಿತಿ. ಕೆಳಗಿನ ಮಿತಿ 6. ಗ್ರಿಫನ್‌ನ ವ್ಯಾಪ್ತಿ 4ರಿಂದ 13, ಶಿಫ್ಟ್ 10ರದ್ದು 4ರಿಂದ 10. ಕೊಳ್ಳುವಾಗ ನಾನು ನೋಡಿದ್ದು ಮೇಲಿನ ಸಂಖ್ಯೆಯನ್ನು ಮಾತ್ರ. ದೊಡ್ಡ ಸಂಖ್ಯೆಯ ಬೈಂಡಿಂಗ್ ಗಟ್ಟಿಯೆಂದು ಲಿಫ್ಟ್ ಕುರ್ಚಿಯ ಮೇಲೆ ಪಕ್ಕದಲ್ಲಿ ಕುಳಿತವರೆಲ್ಲ ಹೇಳುತ್ತಿದ್ದರು, ನಾನೂ ನಂಬಿದೆ. ಮೊದಲ ವರ್ಷ 6.5ರಲ್ಲಿ ಹೇಗೋ ನಡೆಯಿತು. ವ್ಯಾಪ್ತಿಯ ಅಂಚಿನ ಸಂಖ್ಯೆಯೂ ಮಾನ್ಯವೇ ಹೌದು. ಆದರೆ ಕೋಷ್ಟಕದ ಸಂಖ್ಯೆ ಆರಂಭ ಮಾತ್ರ, ಅಂಗಡಿಯ ಟಾರ್ಕ್ ಯಂತ್ರದಲ್ಲಿ ಅಳೆದಾಗ ಬೈಂಡಿಂಗ್ ತುಸು ಬಿಗಿಯೆಂದು ಕಂಡರೆ ಇನ್ನಷ್ಟು ಇಳಿಸಬೇಕಾಗುತ್ತದೆ, ಆಗ ಕೆಳಗೆ ಜಾಗವಿರಬೇಕು. 5.5ಕ್ಕೆ ಬಂದಾಗ ಜಾಗದ ಪ್ರಶ್ನೆಯೇ ಉಳಿಯಲಿಲ್ಲ. ನನ್ನ ಸಂಖ್ಯೆ ಪಿವೊಟ್ 15ರ ಮೇಲೆ ಸಂಖ್ಯೆ ತೋರಿಸುವ ಪುಟ್ಟ ಕಿಟಕಿಯಲ್ಲೇ ಇರಲಿಲ್ಲ.

ಸಂಖ್ಯೆ ಏರಿಸುವ ಚಪಲದ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಬ್ರೈಟನ್‌ನಲ್ಲಿ ಒಂದು ದಿನ ಬೀಳದೆಯೇ, ಒಂದು ಸಣ್ಣ ಉಬ್ಬಿನ ಮೇಲೆ, ಹಿಮ್ಮಡಿ ಬಿಚ್ಚಿಕೊಂಡಿತು. ಕಿಸೆಯಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು 7.5ಕ್ಕೆ ತಿರುಗಿಸಿಬಿಟ್ಟೆ. ಸಂಜೆ ಮನೆಯಲ್ಲಿ ನೋಡಿದರೆ ಕಾರಣ ಸ್ಪ್ರಿಂಗ್ ಅಲ್ಲ: ವಾರದ ಹಿಂದೆ ಬೂಟು ಬದಲಿಸಿದ್ದೆ, ಹೊಸದರ ಅಡಿ 3 ಮಿಲಿಮೀಟರ್ ಗಿಡ್ಡ, ಹಿಮ್ಮಡಿ ಭಾಗವನ್ನು ಅದಕ್ಕೆ ತಕ್ಕಂತೆ ಮುಂದಕ್ಕೆ ಸರಿಸಿರಲಿಲ್ಲ. ಬೂಟನ್ನು ಮುಂದಕ್ಕೆ ಒತ್ತಿ ಹಿಡಿಯುವ ಒತ್ತಡ ಸರಿಯಿಲ್ಲದಿದ್ದರೆ ಕಿಟಕಿಯಲ್ಲಿ ಕಾಣುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಬೂಟಿನಡಿ ಹಿಮ ಕಚ್ಚಿಕೊಂಡರೂ ಅಷ್ಟೆ. ಆ ದಿನದ ಉಳಿದ ಮೂರು ಗಂಟೆ ನಾನು ಸರಿಯಾಗಿ ಬಿಡಬೇಕಾದಾಗ ಬಿಡದ ಬೈಂಡಿಂಗ್ ಮೇಲೆ ಇಳಿಯುತ್ತಿದ್ದೆ ಎಂಬುದು ನೆನಪಾದರೆ ಈಗಲೂ ಬೆವರು ಬರುತ್ತದೆ.

ಕಡಿಮೆ ಸಂಖ್ಯೆ ಇಟ್ಟರೆ ಮೊಣಕಾಲಿಗೆ ಅಪಾಯವಿಲ್ಲವೆಂದು ತಿಳಿಯುವವರೂ ಇದ್ದಾರೆ. ಈ ಕೋಷ್ಟಕ ಮುಖ್ಯವಾಗಿ ಕಣಕಾಲಿನ ಎಲುಬನ್ನು ಕಾಯುವುದಕ್ಕೆ. ಎಟ್ಲಿಂಗರ್, ಜಾನ್ಸನ್ ಮತ್ತು ಶೀಲಿ ಎಂಬ ಸಂಶೋಧಕರು ‘ಫ್ಯಾಂಟಮ್ ಫುಟ್’ ಎಂದು ವಿವರಿಸಿದ ಬೀಳುವ ರೀತಿಯಲ್ಲಿ ಸ್ಕೀ ಮಾಡುವವನು ಹಿಂದಕ್ಕೆ ಕುಸಿದು, ಭಾರವೆಲ್ಲ ಸ್ಕೀಯ ಬಾಲದ ಒಳ ಅಂಚಿನ ಮೇಲೆ ಬಿದ್ದು, ಮೊಣಕಾಲು ಒಳಕ್ಕೆ ತಿರುಚುತ್ತದೆ. ಆ ತಿರುಚು ಹಿಮ್ಮಡಿಯ ಹತ್ತಿರವೇ ಹುಟ್ಟುವುದರಿಂದ ಬೈಂಡಿಂಗ್‌ನ ಮುಂಭಾಗಕ್ಕೆ ಅದು ಸರಿಯಾಗಿ ತಾಕುವುದಿಲ್ಲ. ಆದ್ದರಿಂದ ಮೊಣಕಾಲಿನ ಮಟ್ಟಿಗೆ ಈ ಮೂರರಲ್ಲಿ ಯಾವುದನ್ನೂ ನಾನು ಮೇಲೆಂದು ಹೇಳಲಾರೆ.

ಈಗ ದಿನನಿತ್ಯದ ಸ್ಕೀಗಳ ಮೇಲೆ ಗ್ರಿಫನ್ 13 ಇದೆ, ಮುಂಭಾಗ, ಹಿಮ್ಮಡಿ ಎರಡರಲ್ಲೂ 5.5. ಪಿವೊಟ್ 15ನ್ನು ನನಗಿಂತ ಇಪ್ಪತ್ತು ಕಿಲೊ ಭಾರದ, ಮೂರನೆಯ ಬಗೆಯ ಗೆಳೆಯನಿಗೆ ಕೊಟ್ಟೆ. ಅವನ ಸಂಖ್ಯೆ 8ರ ಆಚೆ ಇದೆ. ಅದರ ಹಿಮ್ಮಡಿ ಹಿಂದೆಮುಂದೆ ಸರಿಯುವುದು ಸುಮಾರು 20 ಮಿಲಿಮೀಟರ್ ಮಾತ್ರವಾದ್ದರಿಂದ ಅವನ ದೊಡ್ಡ ಬೂಟಿಗೆ ಸ್ಕೀಯಲ್ಲಿ ಹೊಸ ತೂತು ಕೊರೆಸಬೇಕಾಯಿತು. ಉಬ್ಬುತಗ್ಗಿನ ಹಿಮದಲ್ಲಿ ಆ ಹಿಡಿತವನ್ನು ನಾನು ಮರೆತಿಲ್ಲ. ಮುಂದಿನ ಜೋಡಿಗೆ ಪಿವೊಟ್ 12 ಹಾಕಿಸುವ ಯೋಚನೆಯಿದೆ, ಅದರ ವ್ಯಾಪ್ತಿ 4ರಿಂದ 12.