ಬದಿಯಡ್ಕದ ಭಾನುವಾರದ ಸ್ಟ್ಯಾಟಿಸ್ಟಿಕ್ಸ್ ಟ್ಯೂಷನ್: ಮೂರು ತಿಂಗಳ ಅನುಭವ

ಹತ್ತನೇ ತನಕ ಕನ್ನಡ ಮೀಡಿಯಂ, ಆಮೇಲೆ ಒಮ್ಮೆಲೇ ಇಂಗ್ಲಿಷ್ ಪುಸ್ತಕ, ಕ್ಲಾಸಲ್ಲಿ ವಿವರಣೆ ಮಲಯಾಳಂನಲ್ಲಿ. ಕಾಸರಗೋಡಿನ ನಮ್ಮಂಥ ಮಕ್ಕಳಿಗೆ ಇದು ಹೊಸತಲ್ಲ. ಬದಿಯಡ್ಕ ಪೇಟೆಯ ಈ ಟ್ಯೂಷನ್‌ನಲ್ಲಿ ಟೀಚರ್ ಕನ್ನಡದಲ್ಲೇ ಹೇಳಿಕೊಡುತ್ತಾರೆ ಅಂತ ಗೊತ್ತಾಗಿ ಸೇರಿದೆ.

ಹೈಪಾಥಿಸಿಸ್ ಟೆಸ್ಟಿನ (ಯಾರೋ ಹೇಳಿದ ಮಾತು ನಿಲ್ಲುತ್ತದಾ ಅಂತ ಕೆಲವರನ್ನು ಕೇಳಿ ಲೆಕ್ಕ ಹಾಕಿ ನೋಡುವುದು) ಪಾಠ ಒಂದಕ್ಕೇ ಕೊಟ್ಟ ಫೀಸು ಸಾರ್ಥಕ. ಟೀಚರ್ ಫಾರ್ಮುಲಾ ಬರೆಯಲೇ ಇಲ್ಲ, ಒಂದು ಕಲ್ಪನೆಯ ಲೆಕ್ಕ ಕೊಟ್ಟರು. ಒಂದು ವಾರ್ಡಿನಲ್ಲಿ ನೂರಕ್ಕೆ 60 ಮನೆಗೆ ಕನ್ನಡ ಪೇಪರ್ ಬರುತ್ತದೆ ಅಂತ ಯಾರೋ ಹೇಳಿದ್ದಾರೆ, ನೀವು 100 ಮನೆಯಲ್ಲಿ ಕೇಳಿದಾಗ 52 ಮನೆಯವರು ಹೌದು ಅಂದರು, ಹಾಗಾದರೆ ಹೇಳಿದ್ದು ಸುಳ್ಳಾ? ಸುಳ್ಳು ಅಂತ ನಾವೆಲ್ಲ ಒಂದೇ ಸ್ವರದಲ್ಲಿ ಕೂಗಿದೆವು.

ಆಮೇಲೆ ಲೆಕ್ಕ ಮಾಡಿಸಿದರು. 60 ಅನ್ನುವುದು ನಿಜ ಅಂತಲೇ ಇಟ್ಟುಕೊಂಡು ಹೊರಡಬೇಕು, ಅದಕ್ಕೇ ಸ್ಟ್ಯಾಂಡರ್ಡ್ ಎರರ್‌ಗೆ (ಯಾವ ಮನೆಗಳು ಸಿಕ್ಕಿದವು ಅನ್ನುವುದರ ಮೇಲೆ ಉತ್ತರ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತದೆ ಅನ್ನುವ ಅಳತೆ) ಹಾಕುವುದು 0.60, ನಮಗೆ ಸಿಕ್ಕಿದ 0.52 ಅಲ್ಲ. (ನಾನು ಪರೀಕ್ಷೆಯಲ್ಲಿ ಎರಡು ಸಲ ತಪ್ಪಿದ್ದು ಇಲ್ಲೇ.) ಎರರ್ ಸುಮಾರು 0.049, ಝಡ್, ಅಂದರೆ 0.52 ಮತ್ತು 0.60ರ ವ್ಯತ್ಯಾಸ ಆ ಎರರಿನ ಎಷ್ಟು ಪಟ್ಟು ಅನ್ನುವುದು, ಮೈನಸ್ 1.63. ಶೇಕಡ 5ರ ಮಟ್ಟದಲ್ಲಿ (60 ನಿಜವಾಗಿದ್ದರೂ ಸುಳ್ಳು ಅಂದುಬಿಡುವ ಸಾಧ್ಯತೆ ನೂರಕ್ಕೆ 5) ಎರಡೂ ಬದಿ, ಅಂದರೆ 60ಕ್ಕಿಂತ ಕಡಿಮೆಯನ್ನೂ ಹೆಚ್ಚನ್ನೂ, ನೋಡುವಾಗ ಮೈನಸ್ ಗುರುತು ಬಿಟ್ಟು ಗಡಿ 1.96, ಅದನ್ನು ದಾಟಲಿಲ್ಲ. ಅಂದರೆ 60 ಸುಳ್ಳು ಅನ್ನಲು ಈ 100 ಮನೆ ಸಾಲದು. ಹಾಗಂತ 60 ನಿಜ ಅಂತಲೂ ಸಾಬೀತಾಗಲಿಲ್ಲ, ಟೀಚರ್ ಇದನ್ನು ಒತ್ತಿ ಒತ್ತಿ ಹೇಳಿದರು. ಇದೇ ಶೇಕಡ 52 ಉತ್ತರ 400 ಮನೆಯಿಂದ ಬಂದಿದ್ದರೆ? ಝಡ್ ಮೈನಸ್ 3.27, ಆಗ 60 ನಿಲ್ಲುವುದಿಲ್ಲ. ಶೇಕಡ ಒಂದೇ, ತೀರ್ಪು ಬೇರೆ! ನನಗೆ ಆ ದಿನ ನಿಜಕ್ಕೂ ಖುಷಿಯಾಯಿತು.

ಇನ್ನೊಂದು ಮಾತು ಕೇಳಿದರು, ಮನೆಗಳನ್ನು ಆರಿಸಿದ್ದು ಹೇಗೆ ಅಂತ. ಕನ್ನಡ ಶಾಲೆಯ ಗೇಟಲ್ಲಿ ನಿಂತು ಕೇಳಿದರೆ ಹೌದು ಅನ್ನುವವರೇ ಜಾಸ್ತಿ ಸಿಗುತ್ತಾರೆ ಅಲ್ವಾ? ಆಗ 400 ಅಲ್ಲ, 4,000 ಜನರನ್ನು ಕೇಳಿದರೂ ಆ ತಪ್ಪು ಹೋಗುವುದಿಲ್ಲ. ವಾರ್ಡಿನ ಮನೆ ನಂಬರುಗಳನ್ನೆಲ್ಲ ಬರೆದು ಚೀಟಿ ಎತ್ತಬೇಕು. ನಮ್ಮ ಕಾಲೇಜಿನಲ್ಲಿ ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಕೊರತೆಯೂ ಇದೆ. ಮೇಲಿನ ಮಾಳಿಗೆಯ ರೂಮು, ಮಧ್ಯಾಹ್ನ ವಿಪರೀತ ಸೆಕೆ, ಫ್ಯಾನ್ ಒಂದೇ. ನೋಟ್ಸ್ ಮಾತ್ರ ಈಗಲೂ ಇಂಗ್ಲಿಷಲ್ಲೇ ಇದೆ, ಕನ್ನಡದಲ್ಲಿ ಮಾಡಿಕೊಡಿ ಅಂತ ಕೇಳಿದ್ದೇವೆ. ಅಲ್ಲಿಯವರೆಗೆ ಹೋಗುವವರು ಒಂದು ದಪ್ಪ ನೋಟ್‌ಬುಕ್ ತಗೊಂಡು ಹೋಗಿ, ಟೀಚರ್ ಬಾಯಲ್ಲಿ ಹೇಳುವುದನ್ನೇ ಬರೆದುಕೊಳ್ಳಿ.