ಮೈಕ್ರೋಟಿಕ್ ಆರ್‌ಬಿ5009: ಪಿಒಇ, ಅಡಾಪ್ಟರ್ ಎರಡೂ ಕೊಟ್ಟರೆ ಗೆಲ್ಲುವುದು ಯಾವುದು?

ಆರ್‌ಬಿ5009ಯುಜಿ ರೌಟರಿಗೆ ಕರೆಂಟು ಕೊಡಲು ಮೂರು ದಾರಿ ಉಂಟು: ಡಿಸಿ ಜಾಕ್, ಎರಡು ಪಿನ್ನಿನ ಟರ್ಮಿನಲ್, ಮತ್ತೆ ಒಂದನೇ ಈಥರ್‌ನೆಟ್ ಪೋರ್ಟಿನಲ್ಲಿ ಬರುವ ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ಡೇಟಾದ ಜೊತೆ ಬರುವ ಕರೆಂಟು). ಮೂರಕ್ಕೂ 24ರಿಂದ 57 ವೋಲ್ಟ್ ಆಗುತ್ತದೆ. ಜೂನ್ ಗಾಳಿಗೆ ಮರ ಬಿದ್ದು ಲೈನ್ ಹೋಗುವುದು ಮಾಮೂಲಾದ ಮಂಗಳೂರು, ಉಡುಪಿ ಕಡೆ ಈ ರೌಟರ್ ಕೊಳ್ಳಲು ಇದೊಂದೇ ಕಾರಣ ಸಾಕು. ಆದರೆ ಮೂರೂ ಕಡೆ ವಯರು ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ.

ಯಾವುದಕ್ಕೆ ಆದ್ಯತೆ ಅಂತ ಆರಿಸಲು ಮೆನುವಿನಲ್ಲಿ ಏನೂ ಇಲ್ಲ. ವೋಲ್ಟೇಜ್ ಯಾವುದರಲ್ಲಿ ಜಾಸ್ತಿಯೋ ಅದೇ ಹೊರೆ ಹೊರುತ್ತದೆ, ಉಳಿದದ್ದು ಸುಮ್ಮನೆ ಕಾಯುತ್ತದೆ. (ಇದರ ಯುಪಿಆರ್ ಮಾದರಿಯಲ್ಲಿ ಕಾಣುವ ಪಿಒಇ ಪ್ರಯಾರಿಟಿ ಬೇರೆ. ಅದು ರೌಟರಿನಿಂದ ಹೊರಗೆ ಹೋಗುವ ಕರೆಂಟಿನದ್ದು.) ಎಲ್ಲ ಉಪಕರಣಗಳೂ ಹೀಗಲ್ಲ. ಪಿಒಇ ಕರೆಂಟು ಪಡೆಯಲು ಟಿಪಿಎಸ್2378ನಂಥ ಚಿಪ್ ಇರುವವುಗಳಲ್ಲಿ, ಅಡಾಪ್ಟರ್ ಬಂದದ್ದನ್ನು ಗುರುತಿಸುವ ಎಪಿಡಿ ಪಿನ್ನಿಗೆ 1.5 ವೋಲ್ಟ್ ದಾಟಿ ಬಂದರೆ ಪಿಒಇ ದಾರಿಯೇ ಮುಚ್ಚುತ್ತದೆ, ಅಡಾಪ್ಟರ್ ಕಡಿಮೆ ವೋಲ್ಟಿನದ್ದಾದರೂ ಅದೇ ಯಜಮಾನ.

ಪೆಟ್ಟಿಗೆಯಲ್ಲಿ ಬರುವ 24 ವೋಲ್ಟಿನ ಅಡಾಪ್ಟರನ್ನೇ ಇಟ್ಟುಕೊಳ್ಳಿ. ಕೇಬಲಿನ ಆ ತುದಿಯ ನೆಟ್‌ವರ್ಕ್ ಸ್ವಿಚ್ಚಿನಿಂದ ಪಿಒಇ 48 ವೋಲ್ಟಿನ ಆಸುಪಾಸಿನಲ್ಲಿ ಬರುವುದರಿಂದ ಮಾಮೂಲಿಗೆ ಪಿಒಇ ಓಡುತ್ತದೆ, ಅದು ಹೋದ ಕ್ಷಣ ಅಡಾಪ್ಟರ್ ಹಿಡಿದುಕೊಳ್ಳುತ್ತದೆ, ರೌಟರ್ ರೀಬೂಟ್ ಆಗುವುದಿಲ್ಲ. ಎಡವುವುದು "ಇನ್ನೂ ಗಟ್ಟಿ ಇರಲಿ" ಅಂತ 48 ವೋಲ್ಟಿನ ಅಡಾಪ್ಟರ್ ತಂದಾಗ. ಲೆಕ್ಕ ನೋಡಿ: 60 ಮೀಟರ್ ಕೇಬಲ್, ಹೋಗಿಬರುವ ರೋಧ ಸುಮಾರು 7.5 ಓಮ್, 10 ವ್ಯಾಟ್ ಹೊರೆಗೆ 0.21 ಆಂಪಿಯರ್. ದಾರಿಯಲ್ಲೇ ಒಂದೂವರೆ ವೋಲ್ಟ್ ಹೋಯಿತು, ರೌಟರಿನೊಳಗಿನ ಬ್ರಿಡ್ಜ್ ಡಯೋಡ್ ತಿನ್ನುವುದು ಬೇರೆ. ಸ್ವಿಚ್ 48 ಕೊಟ್ಟರೂ ತಲಪುವುದು 46ರ ಹತ್ತಿರ, ಹಾಗಾಗಿ ಅಡಾಪ್ಟರ್ ಗೆದ್ದಿತು. ಆಗ ಪಿಒಇ ಕಡೆ 10 ಮಿಲಿಆಂಪಿಯರ್ ಕೂಡ ಹರಿಯದೆ, ಉಪಕರಣ ಕಿತ್ತುಹಾಕಿದ್ದಾರೆ ಅಂದುಕೊಂಡ ಸ್ವಿಚ್ 300ರಿಂದ 400 ಮಿಲಿಸೆಕೆಂಡಿನಲ್ಲಿ ಪೋರ್ಟಿನ ಕರೆಂಟು ಕಡಿಯುತ್ತದೆ. ನಾಳೆ ಅಡಾಪ್ಟರ್ ಹೋದಾಗ ಸ್ವಿಚ್ ಮತ್ತೆ ಪಿಒಇ ಉಪಕರಣದ ಗುರುತಾದ 25 ಕಿಲೋಓಮ್ ರೋಧ ಹುಡುಕಿ, ಅದಕ್ಕೆ ಎಷ್ಟು ಕರೆಂಟು ಬೇಕೆಂದು ಹೇಳುವ ಕ್ಲಾಸ್ ನೋಡಿ, ಕರೆಂಟು ಬಿಡಬೇಕು. ಅಷ್ಟರಲ್ಲಿ ರೌಟರ್ ಸತ್ತು ಹುಟ್ಟಿರುತ್ತದೆ. ಇನ್ನು ಸಿಸಿಟಿವಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 12 ವೋಲ್ಟಿನ ಅಡಾಪ್ಟರ್ ಇದಕ್ಕೆ ಆಗುವುದೇ ಇಲ್ಲ.

ಟರ್ಮಿನಲಿಗೆ ಬ್ಯಾಟರಿ ಕೊಡುವವರಿಗೆ ಇನ್ನೊಂದು ಗುಂಡಿ. 12 ವೋಲ್ಟಿನದ್ದು ಎರಡು ಸರಣಿಯಲ್ಲಿಟ್ಟರೆ ಫುಲ್ ಚಾರ್ಜಿನಲ್ಲಿ 25.5ರ ಆಸುಪಾಸು. ಖಾಲಿಯಾಗುವ ಮೊದಲೇ 24ರ ಕೆಳಗಿಳಿದು ಮಿತಿ ದಾಟುತ್ತದೆ. ಮೂರು ಬ್ಯಾಟರಿ ಇಡಿ: ಚಾರ್ಜಿನಲ್ಲಿರುವಾಗ 41, ಪೂರ್ತಿ ಇಳಿದಾಗ 32ರ ಹತ್ತಿರ. ಪಿಒಇಗಿಂತ ಕೆಳಗೆ, ಮಿತಿಗಿಂತ ಮೇಲೆ. ಪಾಸಿಟಿವ್ ವಯರಿಗೆ 2 ಆಂಪಿಯರ್ ಫ್ಯೂಸ್ ಹಾಕಿ. ಹೀಗೆ ಇಟ್ಟರೆ 24ರ ಅಡಾಪ್ಟರ್ ಕೊನೆಯ ಸರದಿಗೆ ಹೋಗುತ್ತದೆ, ಬ್ಯಾಟರಿ ಸತ್ತ ಮೇಲೆಯೇ ಅದಕ್ಕೆ ಕೆಲಸ. ಚಾರ್ಜರ್ ಒಳ್ಳೆಯದಿದ್ದರೆ ಅಡಾಪ್ಟರೇ ಬೇಡ.

ಪರೀಕ್ಷಿಸುವಾಗ ಕೇಬಲ್ ಎಳೆಯಬೇಡಿ, ಡೇಟಾವೂ ಅದರಲ್ಲೇ ಉಂಟಲ್ಲ. ಸ್ವಿಚ್ಚಿನ ಆ ಪೋರ್ಟಿನಲ್ಲಿ ಪಿಒಇ ಮಾತ್ರ ಆಫ್ ಮಾಡಿ, ರೌಟರಿನ ಸಿಸ್ಟಂ ರಿಸೋರ್ಸಿನಲ್ಲಿ ಅಪ್‌ಟೈಮ್ (ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬ ಲೆಕ್ಕ) ನೋಡಿ. ಸೊನ್ನೆಯಿಂದ ಶುರುವಾಗಿದ್ದರೆ ಅಡಾಪ್ಟರ್ ಹಿಡಿದಿಲ್ಲ. ಮತ್ತೆ ಆನ್ ಮಾಡಿದಾಗ ಪೋರ್ಟಿನ ವ್ಯಾಟ್ ಏರಲೇಬೇಕು. ಸೊನ್ನೆಯಲ್ಲೇ ನಿಂತರೆ ಅಡಾಪ್ಟರಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ, ಲೇಬಲ್ ನಂಬಬೇಡಿ.

ಸ್ವಿಚ್ಚೂ ಅಡಾಪ್ಟರೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಇದ್ದರೆ ಇದೆಲ್ಲ ದಂಡ, ಮಾರಾಯ್ರೆ. ಸ್ವಿಚ್ ಇನ್ವರ್ಟರಿನ ಸಾಲಿನಲ್ಲಿ (ಯುಪಿಎಸ್ ಮೋಡಿನಲ್ಲಿಟ್ಟು), ಅಡಾಪ್ಟರ್ ನೇರ ಮೆಸ್ಕಾಂ ಸಾಲಿನಲ್ಲಿ ಇರಲಿ. ಮಲ್ಪೆ, ಪಣಂಬೂರಿನಂಥ ಕಡಲ ಬದಿಯಲ್ಲಿ ಜಾಕಿಗೆ ಉಪ್ಪಿನ ಗಾಳಿಯ ಕಿಲುಬು ಹಿಡಿಯುತ್ತದೆ. ಅಡಾಪ್ಟರ್ ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂರುವುದರಿಂದ ಅದು ಗೊತ್ತಾಗುವುದು ಪಿಒಇ ಹೋದ ದಿನವೇ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನವರಾತ್ರಿ ಹೊತ್ತಿಗೆ ಒಮ್ಮೆ ಮೇಲಿನ ಪರೀಕ್ಷೆ ಮಾಡಿದರೆ ಸಾಕು.